ಒತ್ತಡದ ಏಕಮಾನಗಳು: ವೈದ್ಯಕೀಯ ಮತ್ತು ಹವಾಮಾನ ಶಾಸ್ತ್ರಗಳಲ್ಲಿ ಅವುಗಳ ಪರಿವರ್ತನೆ

ದ್ರವವಾಗಲಿ ಅನಿಲವಾಗಲಿ ತನಗೆ ಸೋಂಕಿದ ಮೇಲ್ಮೈಯ ಏಕಮಾನ ವಿಸ್ತೀರ್ಣದ ಮೇಲೆ ಲಂಬವಾಗಿ ಪ್ರಯೋಗಿಸುವ ಬಲಕ್ಕೆ ಒತ್ತಡವೆಂದು ಹೆಸರು. ರೋಗಿಯ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡುವ ವೈದ್ಯರೂ, ವೀಕ್ಷಣಾಲಯದ ವಾಯುಭಾರಮಾಪಕವನ್ನು ಓದಿ ನಕಾಶೆಯ ಮೇಲೆ ಸಮಭಾರ ರೇಖೆಗಳನ್ನೆಳೆಯುವ ಹವಾಮಾನತಜ್ಞರೂ ಅಳೆಯುವುದು ಈ ಒಂದೇ ಭೌತರಾಶಿಯನ್ನು. ಆದರೂ ಮೊದಲಿನವರು ಅದನ್ನು ಪಾದರಸದ ಮಿಲಿಮೀಟರುಗಳಲ್ಲಿಯೂ ಎರಡನೆಯವರು ಹೆಕ್ಟೊಪ್ಯಾಸ್ಕಲುಗಳಲ್ಲಿಯೂ ಹೇಳುವುದು ರೂಢಿಯಾಗಿದೆ. ವೆಂಟಿಲೇಟರಿನ ಫಲಕದಲ್ಲಿ ನೀರಿನ ಸೆಂಟಿಮೀಟರು, ಆಮ್ಲಜನಕದ ಸಿಲಿಂಡರಿನ ಮೇಲೆ ಚದರ ಸೆಂಟಿಮೀಟರಿಗೆ ಇಷ್ಟು ಕಿಲೋಗ್ರಾಂ, ವಿಮಾನದ ಉನ್ನತಿಮಾಪಕದಲ್ಲಿ ಕೆಲವೆಡೆ ಪಾದರಸದ ಅಂಗುಲ, ಹೀಗೆ ಬೇರೆ ಬೇರೆ ಏಕಮಾನಗಳು ಬಳಕೆಯಲ್ಲಿರುವುದರಿಂದ ಒಂದನ್ನು ಇನ್ನೊಂದಕ್ಕೆ ಪರಿವರ್ತಿಸುವ ಅಗತ್ಯ ನಿತ್ಯವೂ ಒದಗುತ್ತದೆ. ಗುಣಕವು ಗೊತ್ತಿದ್ದಲ್ಲಿ ಲೆಕ್ಕವು ಪ್ರಾಥಮಿಕ ಶಾಲೆಯ ಗುಣಾಕಾರವೇ ಸರಿ. ಆದರೆ ಆ ಒತ್ತಡವನ್ನು ಯಾವ ಸೊನ್ನೆಯಿಂದ ಎಣಿಸಿದರು, ಯಾವ ಮಟ್ಟದಲ್ಲಿ ಅಳೆದರು ಎಂಬುದನ್ನು ವಿಚಾರಿಸದೆ ಮಾಡಿದ ಪರಿವರ್ತನೆಯು ಅಂಕಿಯನ್ನು ಬದಲಿಸೀತೇ ಹೊರತು ಅರ್ಥವನ್ನು ಕಾಪಾಡಲಾರದು.

ಚರಿತ್ರೆ

ಎರಡು ಶಾಸ್ತ್ರಗಳ ಅಳತೆಗೂ ಮೂಲವೊಂದೇ. ಹೀರುಕೊಳವೆಯ ಪಂಪು ನೀರನ್ನು ಸುಮಾರು 10 ಮೀಟರಿಗಿಂತ ಮೇಲಕ್ಕೆ ಎತ್ತಲಾರದೆಂಬ ಸಂಗತಿಯು ಹದಿನೇಳನೆಯ ಶತಮಾನದ ಇಟಲಿಯ ವಿದ್ವಾಂಸರನ್ನು ಕಾಡುತ್ತಿದ್ದಾಗ, ಗೆಲಿಲಿಯೊನ ಕೊನೆಗಾಲದಲ್ಲಿ ಅವನ ಬಳಿಯಿದ್ದ ಟಾರಿಚೆಲ್ಲಿಯು ನೀರಿಗಿಂತ ಹದಿಮೂರೂವರೆ ಪಾಲು ಭಾರವಾದ ಪಾದರಸವನ್ನು ತೆಗೆದುಕೊಂಡರೆ ಅಷ್ಟೇ ಪಾಲು ಗಿಡ್ಡವಾದ ಸ್ತಂಭದಲ್ಲಿ ಅದೇ ಸತ್ಯವು ಗೋಚರಿಸಬೇಕೆಂದು ತರ್ಕಿಸಿದನು. ಒಂದು ತುದಿ ಮುಚ್ಚಿದ ಗಾಜಿನ ನಳಿಕೆಯನ್ನು ಪಾದರಸದಿಂದ ತುಂಬಿ, ಬೆರಳಿನಿಂದ ಬಾಯಿ ಮುಚ್ಚಿ, ಪಾದರಸದ ಬಟ್ಟಲಿನಲ್ಲಿ ತಲೆಕೆಳಗಾಗಿ ನಿಲ್ಲಿಸಿದಾಗ ಸ್ತಂಭವು ಸುಮಾರು 76 ಸೆಂಟಿಮೀಟರಿಗೆ ಇಳಿದು ನಿಂತಿತು. ಈ ಪ್ರಯೋಗದ ವಿವರಣೆಯನ್ನು ಅವನು 1644ರ ಜೂನ್ ತಿಂಗಳಲ್ಲಿ ರೋಮ್ ನಗರದಲ್ಲಿದ್ದ ಮಿತ್ರ ಮೈಕೆಲಾಂಜೆಲೊ ರಿಚ್ಚಿಗೆ ಪತ್ರಮುಖೇನ ತಿಳಿಸಿದನು.

ಸ್ತಂಭವನ್ನು ಎತ್ತಿ ಹಿಡಿದಿರುವುದು ಹೊರಗಿನ ವಾಯುವಿನ ಭಾರವೇ ಆಗಿದ್ದರೆ, ಪರ್ವತವನ್ನೇರಿದಂತೆಲ್ಲ ಅದು ತಗ್ಗಬೇಕಷ್ಟೆ. ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲನ ಪ್ರೇರಣೆಯಿಂದ ಅವನ ಭಾವ ಪೆರಿಯೆ ಎಂಬುವನು 1648ರ ಸೆಪ್ಟೆಂಬರ್ 19ರಂದು ಕ್ಲೆರ್ಮಾಂ ಪಟ್ಟಣದ ಸಮೀಪದ ಪ್ವಿ ದ ದೋಮ್ ಬೆಟ್ಟಕ್ಕೆ ನಳಿಕೆಯನ್ನು ಹೊತ್ತುಕೊಂಡು ಹೋದನು. ಅವನು ಮಾಡಿಕೊಂಡ ಏರ್ಪಾಡು ಇಂದಿನ ವಿಜ್ಞಾನಿಯೂ ಮೆಚ್ಚತಕ್ಕಂಥದು: ತಪ್ಪಲಿನ ಮಠದ ತೋಟದಲ್ಲಿ ಇನ್ನೊಂದು ನಳಿಕೆಯನ್ನು ನಿಲ್ಲಿಸಿ, ದಿನವಿಡೀ ಅದನ್ನು ನೋಡುತ್ತಿರಲು ಒಬ್ಬ ಸಂನ್ಯಾಸಿಯನ್ನು ನೇಮಿಸಿದ್ದನು. ಕೆಳಗಿನ ಪಾದರಸವು ಕದಲಲಿಲ್ಲ. ಶಿಖರದ ಪಾದರಸವು ಅದಕ್ಕಿಂತ ಮೂರು ಅಂಗುಲಕ್ಕೂ ಸ್ವಲ್ಪ ಮಿಗಿಲಾಗಿ ತಗ್ಗಿತ್ತು. ಒತ್ತಡದ ಯಾವ ಅಂಕಿಗೇ ಆಗಲಿ ಸ್ಥಳದ ಎತ್ತರವು ಅವಿಭಾಜ್ಯವಾದ ಅಂಗವೆಂಬುದು ಅಂದೇ ಸಿದ್ಧವಾಯಿತು.

ಶರೀರದೊಳಗಿನ ಒತ್ತಡವನ್ನು ಮೊತ್ತಮೊದಲು ಅಳೆದವನು ಇಂಗ್ಲೆಂಡಿನ ಧರ್ಮಗುರು ಸ್ಟೀಫನ್ ಹೇಲ್ಸ್. 1733ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ, ಕುದುರೆಯೊಂದರ ಧಮನಿಗೆ ಗಾಜಿನ ನೀಳ ನಳಿಕೆಯನ್ನು ಜೋಡಿಸಿದಾಗ ರಕ್ತವು ಹೃದಯದ ಎಡಕುಹರದ ಮಟ್ಟದಿಂದ 8 ಅಡಿ 3 ಅಂಗುಲದವರೆಗೆ ಏರಿತೆಂದು ವರದಿಯಿದೆ. ಈ ಅಳತೆಯನ್ನು ಇಂದಿನ ಭಾಷೆಗೆ ತರುವುದೇ ಪರಿವರ್ತನೆಗೊಂದು ಉತ್ತಮ ನಿದರ್ಶನ. 8 ಅಡಿ 3 ಅಂಗುಲವೆಂದರೆ 251.5 ಸೆಂಟಿಮೀಟರು, ರಕ್ತವು ನೀರಿನ 1.06 ಪಾಲು ಸಾಂದ್ರವಾದುದರಿಂದ ಇದು ನೀರಿನ 266.6 ಸೆಂಟಿಮೀಟರಿಗೆ ಸಮ. ಪಾದರಸದ ಸಾಪೇಕ್ಷ ಸಾಂದ್ರತೆಯಾದ 13.595ರಿಂದ ಭಾಗಿಸಿದರೆ 19.6 ಸೆಂಟಿಮೀಟರು, ಅರ್ಥಾತ್ ಪಾದರಸದ 196 ಮಿಲಿಮೀಟರು. ಏಣಿಯೆತ್ತರದ ನಳಿಕೆಯು ರೋಗಿಯ ಮಂಚದ ಬಳಿ ನಿಲ್ಲುವಂಥದಲ್ಲ. ಆದಕಾರಣ ಪ್ವಾಸೆಯ್ ಎಂಬ ಫ್ರೆಂಚ್ ವೈದ್ಯನು 1828ರಲ್ಲಿ ಪಾದರಸ ತುಂಬಿದ ಬಾಗುನಳಿಕೆಯನ್ನು ಈ ಕಾರ್ಯಕ್ಕೆ ಬಳಕೆಗೆ ತಂದನು. 1896ರಲ್ಲಿ ಇಟಲಿಯ ರೀವಾ ರೋಚ್ಚಿಯು ತೋಳಿಗೆ ಸುತ್ತುವ ಗಾಳಿಪಟ್ಟಿಯನ್ನು ಪಾದರಸದ ಸ್ತಂಭಕ್ಕೆ ಕೂಡಿಸಿದನು. 1905ರಲ್ಲಿ ರಷ್ಯದ ಕೊರೊಟ್ಕೊವ್ ಪಟ್ಟಿಯ ಕೆಳಗೆ ಧಮನಿಯ ಮೇಲೆ ಸ್ಟೆತಸ್ಕೋಪನ್ನಿಟ್ಟು ಸದ್ದುಗಳನ್ನು ಆಲಿಸುವ ಕ್ರಮವನ್ನು ಪ್ರಕಟಿಸಿದನು. ಪಾದರಸದ ಮಿಲಿಮೀಟರು ವೈದ್ಯರ ಭಾಷೆಯಾಗಿ ನೆಲೆಗೊಂಡದ್ದು ಹೀಗೆ.

ಹವಾಮಾನಶಾಸ್ತ್ರವಾದರೋ ಬೇರೊಂದು ಹಾದಿ ಹಿಡಿಯಿತು. ವಾಯುವಿನ ಚಲನೆಯನ್ನು ಗತಿವಿಜ್ಞಾನದ ಸಮೀಕರಣಗಳಿಂದ ಲೆಕ್ಕ ಹಾಕಬೇಕೆಂದು ಹೊರಟ ನಾರ್ವೆಯ ವಿಲ್ಹೆಲ್ಮ್ ಬ್ಯರ್ಕ್‌ನೆಸನಿಗೆ ಸ್ತಂಭದ ಉದ್ದವು ಸಾಲದಾಯಿತು. ಬಲವನ್ನೇ ನೇರವಾಗಿ ಹೇಳುವ ಏಕಮಾನವು ಬೇಕಾಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅವನು ಪ್ರಚಾರಕ್ಕೆ ತಂದ ಮಿಲಿಬಾರನ್ನು ಬ್ರಿಟನ್ನಿನ ಹವಾಮಾನ ಇಲಾಖೆಯು 1914ರಲ್ಲಿ ಅಂಗೀಕರಿಸಿತು. ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಮಹಾಸಭೆಯು 1954ರಲ್ಲಿ ಪ್ರಮಾಣ ವಾಯುಮಂಡಲದ ಬೆಲೆಯನ್ನು ಖಚಿತವಾಗಿ ನಿರ್ದೇಶಿಸಿತು. 1971ರಲ್ಲಿ ಚದರ ಮೀಟರಿಗೆ ಒಂದು ನ್ಯೂಟನ್ ಎಂಬ ಏಕಮಾನಕ್ಕೆ ಪ್ಯಾಸ್ಕಲನ ಹೆಸರನ್ನಿತ್ತಿತು. ಒಂದು ಮಿಲಿಬಾರು ನೂರು ಪ್ಯಾಸ್ಕಲುಗಳಿಗೆ ಸರಿಸಮವಾದುದರಿಂದ, ಹವಾಮಾನತಜ್ಞರು ಹಳೆಯ ದಾಖಲೆಗಳ ಒಂದು ಅಂಕಿಯನ್ನೂ ತಿದ್ದದೆ ಹೆಕ್ಟೊಪ್ಯಾಸ್ಕಲಿಗೆ ದಾಟಿಕೊಂಡರು. ವೈದ್ಯಕೀಯಕ್ಕೆ ಅಂಥ ಸೌಕರ್ಯವಿರಲಿಲ್ಲ. ರಕ್ತದೊತ್ತಡದ 120 ಎಂಬ ಪರಿಚಿತ ಅಂಕಿಯು ಕಿಲೊಪ್ಯಾಸ್ಕಲಿನಲ್ಲಿ 16 ಆಗುವುದನ್ನು ವೈದ್ಯರೂ ರೋಗಿಗಳೂ ಒಪ್ಪಲಿಲ್ಲ.

ಏಕಮಾನಗಳು ಮತ್ತು ಗುಣಕಗಳು

ಸ್ತಂಭದ ಉದ್ದವು ಒತ್ತಡವಾಗಬೇಕಾದರೆ ಅದನ್ನು ದ್ರವದ ಸಾಂದ್ರತೆಯಿಂದಲೂ ಗುರುತ್ವ ವೇಗೋತ್ಕರ್ಷದಿಂದಲೂ ಗುಣಿಸಬೇಕು. ಇವೆರಡೂ ಸ್ಥಳ ಮತ್ತು ಉಷ್ಣತೆಗಳಿಗನುಗುಣವಾಗಿ ವ್ಯತ್ಯಾಸಗೊಳ್ಳುವುದರಿಂದ, ಪಾದರಸದ ಸಾಂದ್ರತೆಯು ಘನಮೀಟರಿಗೆ 13,595.1 ಕಿಲೋಗ್ರಾಂ ಎಂದೂ, ಗುರುತ್ವವು 9.80665 ಎಂದೂ ಒಡಂಬಟ್ಟು ಪಾದರಸದ ಮಿಲಿಮೀಟರನ್ನು 133.322 ಪ್ಯಾಸ್ಕಲ್ ಎಂದು ನಿಗದಿಪಡಿಸಲಾಗಿದೆ. ಟಾರಿಚೆಲ್ಲಿಯ ಹೆಸರಿನ ಟಾರ್ ಎಂಬ ಏಕಮಾನವು ಪ್ರಮಾಣ ವಾಯುಮಂಡಲದ 760ನೆಯ ಒಂದು ಭಾಗ. ಇದಕ್ಕೂ ಪಾದರಸದ ಮಿಲಿಮೀಟರಿಗೂ ಇರುವ ಅಂತರವು ಸುಮಾರು ಎಪ್ಪತ್ತು ಲಕ್ಷದಲ್ಲಿ ಒಂದು ಪಾಲಷ್ಟೇ ಆದುದರಿಂದ ವ್ಯವಹಾರದಲ್ಲಿ ಎರಡೂ ಒಂದೇ. ಮುಖ್ಯವಾದ ಬೆಲೆಗಳು ಇಂತಿವೆ:

1 ಹೆಕ್ಟೊಪ್ಯಾಸ್ಕಲ್ ಅಥವಾ 1 ಮಿಲಿಬಾರ್ = 100 ಪ್ಯಾಸ್ಕಲ್ = ಪಾದರಸದ 0.75006 ಮಿ.ಮೀ. = ನೀರಿನ 1.0197 ಸೆಂ.ಮೀ.
1 ಕಿಲೊಪ್ಯಾಸ್ಕಲ್ = 10 ಹೆಕ್ಟೊಪ್ಯಾಸ್ಕಲ್ = ಪಾದರಸದ 7.5006 ಮಿ.ಮೀ.
ಪಾದರಸದ 1 ಮಿ.ಮೀ. = 1.33322 ಹೆಕ್ಟೊಪ್ಯಾಸ್ಕಲ್ = ನೀರಿನ 1.3595 ಸೆಂ.ಮೀ.
ನೀರಿನ 1 ಸೆಂ.ಮೀ. = 98.0665 ಪ್ಯಾಸ್ಕಲ್ = ಪಾದರಸದ 0.7356 ಮಿ.ಮೀ.
ಪಾದರಸದ 1 ಅಂಗುಲ = ಪಾದರಸದ 25.4 ಮಿ.ಮೀ. = 33.864 ಹೆಕ್ಟೊಪ್ಯಾಸ್ಕಲ್
ಚದರ ಅಂಗುಲಕ್ಕೆ 1 ಪೌಂಡ್ = 68.948 ಹೆಕ್ಟೊಪ್ಯಾಸ್ಕಲ್ = ಪಾದರಸದ 51.715 ಮಿ.ಮೀ.
ಚದರ ಸೆಂಟಿಮೀಟರಿಗೆ 1 ಕಿಲೋಗ್ರಾಂ = 980.665 ಹೆಕ್ಟೊಪ್ಯಾಸ್ಕಲ್ = ಪಾದರಸದ 735.56 ಮಿ.ಮೀ.
1 ಬಾರ್ = 1000 ಹೆಕ್ಟೊಪ್ಯಾಸ್ಕಲ್ = ಪಾದರಸದ 750.06 ಮಿ.ಮೀ.
1 ಪ್ರಮಾಣ ವಾಯುಮಂಡಲ = 1013.25 ಹೆಕ್ಟೊಪ್ಯಾಸ್ಕಲ್ = ಪಾದರಸದ 760 ಮಿ.ಮೀ. = ಪಾದರಸದ 29.92 ಅಂಗುಲ

ಈ ಕೋಷ್ಟಕವು ಕೈಯಲ್ಲಿಲ್ಲದಾಗಲೂ ಬಾಯಿಲೆಕ್ಕಕ್ಕೆ ಒದಗುವ ಸೂತ್ರವೊಂದುಂಟು. ಹೆಕ್ಟೊಪ್ಯಾಸ್ಕಲಿನ ಮುಕ್ಕಾಲು ಪಾಲೇ ಪಾದರಸದ ಮಿಲಿಮೀಟರು. ಮಿಲಿಮೀಟರಿಗೆ ಅದರ ಮೂರನೆಯ ಒಂದು ಪಾಲನ್ನು ಕೂಡಿದರೆ ಹೆಕ್ಟೊಪ್ಯಾಸ್ಕಲು. 1013.25ರ ಮುಕ್ಕಾಲು 759.94, ನಿಜವಾದ ಬೆಲೆ 760. ಇಷ್ಟು ಅಲ್ಪವಾದ ದೋಷವು ಯಾವ ಕೆಲಸಕ್ಕೂ ಬಾಧಕವಲ್ಲ. ನೀರಿನ ಸೆಂಟಿಮೀಟರೂ ಹೆಕ್ಟೊಪ್ಯಾಸ್ಕಲೂ ನೂರಕ್ಕೆ ಎರಡರ ಅಂತರದಲ್ಲಿ ಸಮವಾಗಿರುವುದರಿಂದ, ವೆಂಟಿಲೇಟರಿನ ಅಂಕಿಯೂ ಹವಾಮಾನ ನಕಾಶೆಯ ಅಂಕಿಯೂ ಹೆಚ್ಚುಕಡಿಮೆ ಒಂದೇ ಮಾನದವೆಂದು ತಿಳಿಯಬಹುದು. ಉಷ್ಣತೆಯ ಮಾನಗಳಲ್ಲಿರುವಂತೆ ಇಲ್ಲಿ ಸೊನ್ನೆಯು ಸ್ಥಾನಪಲ್ಲಟವಾಗುವುದಿಲ್ಲವಾದ್ದರಿಂದ, ಒತ್ತಡಕ್ಕೂ ಒತ್ತಡಗಳ ವ್ಯತ್ಯಾಸಕ್ಕೂ ಗುಣಕವು ಒಂದೇ.

ವೈದ್ಯಕೀಯದಲ್ಲಿ

ರಕ್ತದೊತ್ತಡವು 120/80 ಎಂದರೆ ಹೃದಯದ ಸಂಕೋಚನದಲ್ಲಿ ಪಾದರಸದ 120 ಮಿಲಿಮೀಟರು, ವ್ಯಾಕೋಚನದಲ್ಲಿ 80. ಕಿಲೊಪ್ಯಾಸ್ಕಲುಗಳಲ್ಲಿ ಇದು 16.0/10.7. ಅಧಿಕ ರಕ್ತದೊತ್ತಡದ ಗಡಿಯೆಂದು ಬಹುಕಾಲದಿಂದ ಪರಿಗಣಿತವಾಗಿರುವ 140/90 ಎಂಬುದು 18.7/12.0 ಆಗುತ್ತದೆ. ಇಲ್ಲಿ ಮೊದಲು ಗಮನಿಸತಕ್ಕದ್ದು ಸೊನ್ನೆಯ ವಿಚಾರ. ವೈದ್ಯರು ಹೇಳುವ 120 ಸುತ್ತಣ ವಾಯುವಿನ ಒತ್ತಡಕ್ಕಿಂತ ಎಷ್ಟು ಹೆಚ್ಚು ಎಂಬುದನ್ನು ಸೂಚಿಸುವ ಮಾಪಕ ಒತ್ತಡ. ಹವಾಮಾನತಜ್ಞರು ಹೇಳುವ 1013 ಸಂಪೂರ್ಣ ನಿರ್ವಾತದಿಂದ ಎಣಿಸಿದ ನಿರಪೇಕ್ಷ ಒತ್ತಡ. ಸಮುದ್ರಮಟ್ಟದಲ್ಲಿರುವವನ ಧಮನಿಯಲ್ಲಿ ನಿರಪೇಕ್ಷ ಒತ್ತಡವು 760ಕ್ಕೆ 120 ಕೂಡಿ 880 ಮಿಲಿಮೀಟರು. ಮಂಗಳೂರಿನಿಂದ ಬೆಂಗಳೂರಿಗೆ ಬಂದವನ ಧಮನಿಯಲ್ಲಿ ಈ ಮೊತ್ತವು ಎಪ್ಪತ್ತೈದಕ್ಕೂ ಹೆಚ್ಚು ಮಿಲಿಮೀಟರು ತಗ್ಗಿದರೂ ಬಿ.ಪಿ. ಯಂತ್ರದ 120 ಮಾತ್ರ 120 ಆಗಿಯೇ ಉಳಿಯುತ್ತದೆ. ಏಕೆಂದರೆ ತಗ್ಗಿದ್ದು ಒಳಗೂ ಹೊರಗೂ ಸಮನಾಗಿ.

ಎರಡನೆಯದು ಮಟ್ಟದ ವಿಚಾರ. ತೋಳನ್ನು ಹೃದಯದ ಮಟ್ಟದಲ್ಲಿ ಆನಿಸಿ ಅಳೆಯಬೇಕೆಂಬ ನಿಯಮವು ಬರಿಯ ಶಿಷ್ಟಾಚಾರವಲ್ಲ. ತೋಳು ಹತ್ತು ಸೆಂಟಿಮೀಟರು ಕೆಳಗೆ ಜೋತುಬಿದ್ದರೆ ಅಷ್ಟು ಉದ್ದದ ರಕ್ತಸ್ತಂಭದ ಭಾರವೂ ಅಳತೆಗೆ ಸೇರಿ ಸುಮಾರು 8 ಮಿಲಿಮೀಟರು ಹೆಚ್ಚಾಗಿ ಕಾಣುತ್ತದೆ. ಅಷ್ಟೇ ಮೇಲೆತ್ತಿದರೆ ಅಷ್ಟೇ ಕಡಮೆ. ಔಷಧವನ್ನು ಆರಂಭಿಸಬೇಕೋ ಬೇಡವೋ ಎಂಬ ತೀರ್ಮಾನವು ಎಷ್ಟೋ ಸಲ ಇಷ್ಟೇ ಅಂತರದ ಮೇಲೆ ನಿಂತಿರುತ್ತದೆ.

ಅಲ್ಪ ಒತ್ತಡಗಳನ್ನು ನೀರಿನ ಸೆಂಟಿಮೀಟರುಗಳಲ್ಲಿ ಹೇಳುವ ವಾಡಿಕೆಯು ಉಪಕರಣಗಳಿಂದಲೇ ಬಂದುದು. ಬೆನ್ನಿನ ಕೆಳಭಾಗದಲ್ಲಿ ಸೂಜಿ ಚುಚ್ಚಿ ಮಿದುಳು ಮತ್ತು ಬೆನ್ನುಹುರಿಗಳನ್ನು ಆವರಿಸಿರುವ ದ್ರವವು ನೆಟ್ಟನೆಯ ನಳಿಕೆಯಲ್ಲಿ ಎಷ್ಟು ಏರುವುದೆಂದು ನೋಡುವಾಗ ಸ್ತಂಭವನ್ನು ಕಣ್ಣೆದುರಿಗೇ ಓದಬಹುದಾಗಿದೆ. ಮಲಗಿರುವ ವಯಸ್ಕನಲ್ಲಿ ಅದು ಸುಮಾರು 10ರಿಂದ 20 ಸೆಂಟಿಮೀಟರು, ಎಂದರೆ ಪಾದರಸದ 7ರಿಂದ 15 ಮಿಲಿಮೀಟರು. ಕಣ್ಣುಗುಡ್ಡೆಯ ಒಳಗಿನ ಒತ್ತಡವನ್ನಾದರೋ ಪಾದರಸದಲ್ಲಿಯೇ ಹೇಳುತ್ತಾರೆ. ಅದರ ಸಾಮಾನ್ಯ ವ್ಯಾಪ್ತಿ 10ರಿಂದ 21 ಮಿಲಿಮೀಟರು.

ಒಂದೇ ಐ.ಸಿ.ಯು. ಕೋಣೆಯಲ್ಲಿ ಈ ಎರಡು ಮಾನಗಳೂ ಅಕ್ಕಪಕ್ಕದಲ್ಲಿರುವುದರಿಂದ ಪ್ರಮಾದಕ್ಕೆ ಎಡೆಯುಂಟು. ಕೃತಕ ಉಸಿರಾಟಕ್ಕಾಗಿ ಶ್ವಾಸನಾಳದೊಳಕ್ಕೆ ಇಳಿಸಿದ ನಳಿಕೆಯ ಸುತ್ತ, ಗಾಳಿ ಸೋರದಂತೆ ತಡೆಯುವ ಚಿಕ್ಕದೊಂದು ಗಾಳಿಚೀಲವಿರುತ್ತದೆ. ಅದರ ಒತ್ತಡವು ನೀರಿನ 20ರಿಂದ 30 ಸೆಂಟಿಮೀಟರುಗಳಷ್ಟಿರಬೇಕು. ಕಡಮೆಯಾದರೆ ಗಂಟಲಿನ ದ್ರವವು ಶ್ವಾಸಕೋಶಕ್ಕೆ ಜಿನುಗುತ್ತದೆ. ಮಿತಿಮೀರಿದರೆ ನಾಳದ ಒಳಪೊರೆಯ ಸೂಕ್ಷ್ಮ ರಕ್ತನಾಳಗಳು ಅದುಮಿಹೋಗಿ ಪೊರೆಗೆ ರಕ್ತ ದೊರೆಯದೆ ಹುಣ್ಣಾಗುತ್ತದೆ. 30 ಎಂಬ ಅಂಕಿಯನ್ನು ಮಾತ್ರ ನೆನಪಿಟ್ಟು ಅದನ್ನು ಪಾದರಸದ ಮಿಲಿಮೀಟರೆಂದು ಭಾವಿಸಿ ತುಂಬಿದಲ್ಲಿ, ಆ ಚೀಲದಲ್ಲಿ ನೀರಿನ 41 ಸೆಂಟಿಮೀಟರಿನ ಒತ್ತಡವು ಉಂಟಾಗುತ್ತದೆ. ಮಾತನಾಡಲಾರದೆ ಮಲಗಿರುವ ರೋಗಿಯು ಆ ತಪ್ಪನ್ನು ಯಾರಿಗೂ ಹೇಳಲಾರನು. ಅಂಕಿಯ ಜೊತೆಗೆ ಏಕಮಾನವನ್ನೂ ಬರೆಯುವುದು ರೋಗಿಯ ರಕ್ಷಣೆಯ ಕರ್ತವ್ಯಗಳಲ್ಲೊಂದೆಂದು ಭಾವಿಸುವುದು ಈ ಕಾರಣದಿಂದಲೇ ಯುಕ್ತ.

ಹೆಚ್ಚಿನ ಒತ್ತಡಗಳಲ್ಲಿ ಬೇರೆಯ ಏಕಮಾನಗಳು ಕಾಣಿಸಿಕೊಳ್ಳುತ್ತವೆ. ಚದರ ಸೆಂಟಿಮೀಟರಿಗೆ 150 ಕಿಲೋಗ್ರಾಂ ಒತ್ತಡದ ಆಮ್ಲಜನಕದ ಸಿಲಿಂಡರೆಂದರೆ 147 ಬಾರ್ ಅಥವಾ ಚದರ ಅಂಗುಲಕ್ಕೆ 2,130 ಪೌಂಡಿನದು. ಆಸ್ಪತ್ರೆಯ ಕೊಳವೆಮಾರ್ಗದ 4 ಬಾರ್ ಎಂದರೆ 58 ಪೌಂಡು. ಅಧಿಕ ಒತ್ತಡದ ಕೋಶದಲ್ಲಿ ಕೂರಿಸಿ ಆಮ್ಲಜನಕ ನೀಡುವ ಚಿಕಿತ್ಸೆಯಲ್ಲಿ ಮಾತ್ರ ಎಣಿಕೆಯು ನಿರ್ವಾತದಿಂದ ಮೊದಲಾಗುತ್ತದೆ: ಅಲ್ಲಿ 2.4 ವಾಯುಮಂಡಲವೆಂದರೆ ಕೋಶದ ಹೊರಗಿನ ಮುಳ್ಳು ತೋರಿಸುವುದು 1.4 ಮಾತ್ರ.

ಹವಾಮಾನಶಾಸ್ತ್ರದಲ್ಲಿ

ಪಾದರಸದ ವಾಯುಭಾರಮಾಪಕವನ್ನು ಓದಿದ ಮಾತ್ರಕ್ಕೆ ಒತ್ತಡವು ದೊರೆತಂತಾಗಲಿಲ್ಲ. ಸೆಖೆಯಲ್ಲಿ ಪಾದರಸವು ಹಿಗ್ಗುವುದರಿಂದ, 30 ಡಿಗ್ರಿ ಉಷ್ಣತೆಯಲ್ಲಿ ಹಿತ್ತಾಳೆಯ ಅಳತೆಪಟ್ಟಿಯು ತೋರಿಸುವ 760 ಮಿಲಿಮೀಟರಿನಲ್ಲಿ ಸುಮಾರು 3.7ನ್ನು ಕಳೆಯಬೇಕು, ಮಂಗಳೂರಿನ ಅಕ್ಷಾಂಶದಲ್ಲಿ ಗುರುತ್ವವು ಒಡಂಬಟ್ಟ ಬೆಲೆಗಿಂತ ಕಡಮೆಯಾದುದರಿಂದ ಇನ್ನೂ 1.8ನ್ನು ಕಳೆಯಬೇಕು. ಎರಡೂ ಸೇರಿದರೆ ಏಳು ಹೆಕ್ಟೊಪ್ಯಾಸ್ಕಲಿಗೆ ಮಿಗಿಲು. ಬಂಗಾಳಕೊಲ್ಲಿಯ ಸಾಧಾರಣ ವಾಯುಭಾರ ಕುಸಿತವೊಂದರ ಕೇಂದ್ರಕ್ಕೂ ಅಂಚಿಗೂ ಇರುವ ವ್ಯತ್ಯಾಸವೇ ಕೆಲವು ಹೆಕ್ಟೊಪ್ಯಾಸ್ಕಲುಗಳಷ್ಟಿರುವಾಗ, ಈ ತಿದ್ದುಪಡಿಗಳಿಲ್ಲದ ಓದು ಮುನ್ಸೂಚನೆಗೆ ನಿರುಪಯುಕ್ತ. ಇದಲ್ಲದೆ ಉಷ್ಣವಲಯದಲ್ಲಿ ವಾಯುಭಾರವು ಪ್ರತಿದಿನವೂ ಬೆಳಗಿನ ಮತ್ತು ರಾತ್ರಿಯ ಹತ್ತು ಗಂಟೆಯ ಸುಮಾರಿಗೆ ಏರಿ, ನಾಲ್ಕು ಗಂಟೆಗಳ ಸುಮಾರಿಗೆ ಇಳಿಯುತ್ತದೆ. ಈ ಏರಿಳಿತವು ಮೂರು ಹೆಕ್ಟೊಪ್ಯಾಸ್ಕಲಿನ ಆಸುಪಾಸಿನದು.

ಎಲ್ಲಕ್ಕಿಂತ ದೊಡ್ಡ ತಿದ್ದುಪಡಿಯು ಎತ್ತರದ್ದು. ಸಮುದ್ರಮಟ್ಟದ ಸಮೀಪದಲ್ಲಿ ಸುಮಾರು ಎಂಟೂಕಾಲು ಮೀಟರು ಏರಿದರೆ ಒಂದು ಹೆಕ್ಟೊಪ್ಯಾಸ್ಕಲು ತಗ್ಗುತ್ತದೆ. 920 ಮೀಟರು ಎತ್ತರದ ಬೆಂಗಳೂರಿನಲ್ಲಿ ಶಾಂತವಾದ ದಿನದಲ್ಲಿಯೂ ವಾಯುಭಾರವು ಸುಮಾರು 910 ಹೆಕ್ಟೊಪ್ಯಾಸ್ಕಲು. 1999ರ ಅಕ್ಟೋಬರ್ 29ರಂದು ಒಡಿಶಾದ ಕರಾವಳಿಯನ್ನು ಧ್ವಂಸಮಾಡಿದ ಮಹಾಚಂಡಮಾರುತದ ಕೇಂದ್ರದಲ್ಲಿದ್ದುದೆಂದು ಅಂದಾಜು ಮಾಡಲಾದ ಒತ್ತಡವು 912 ಹೆಕ್ಟೊಪ್ಯಾಸ್ಕಲು, ಅರ್ಥಾತ್ ಪಾದರಸದ 684 ಮಿಲಿಮೀಟರು. ಅಂಕಿಗಳನ್ನು ಮಾತ್ರ ನೋಡುವವನಿಗೆ ಬೆಂಗಳೂರಿನ ಮೇಲೆ ಸದಾಕಾಲವೂ ಪ್ರಳಯವು ನೆಲೆಸಿರುವಂತೆ ತೋರೀತು! ಇಂಥ ಅನರ್ಥವನ್ನು ತಪ್ಪಿಸಲೆಂದೇ ಪ್ರತಿಯೊಂದು ಕೇಂದ್ರದ ಓದನ್ನೂ, ಆ ಸ್ಥಳದಿಂದ ಸಮುದ್ರಮಟ್ಟದವರೆಗೆ ವಾಯುಸ್ತಂಭವೊಂದಿದ್ದಿದ್ದರೆ ಎಷ್ಟಿರುತ್ತಿತ್ತೋ ಅಷ್ಟಕ್ಕೆ ಏರಿಸಿ ನಕಾಶೆಯಲ್ಲಿ ಬರೆಯುತ್ತಾರೆ. ಹೀಗೆ ಸಮುದ್ರಮಟ್ಟಕ್ಕೆ ತಂದ ದಾಖಲೆಗಳಲ್ಲಿ ಅತ್ಯಂತ ಕಡಮೆಯದು 1979ರ ಅಕ್ಟೋಬರ್ 12ರಂದು ಪೆಸಿಫಿಕ್ ಸಾಗರದ ಟಿಪ್ ಎಂಬ ಚಂಡಮಾರುತದಲ್ಲಿ ಕಂಡ 870 ಹೆಕ್ಟೊಪ್ಯಾಸ್ಕಲು, ಎಂದರೆ ಪಾದರಸದ 653 ಮಿಲಿಮೀಟರು. 1968ರ ಡಿಸೆಂಬರ್ 31ರಂದು ಸೈಬೀರಿಯದ ಅಗಾತದಲ್ಲಿ ದಾಖಲಾದ 1083.8 ಹೆಕ್ಟೊಪ್ಯಾಸ್ಕಲು, ಎಂದರೆ 813 ಮಿಲಿಮೀಟರು, ಅತ್ಯುಚ್ಚ ದಾಖಲೆಗಳಲ್ಲೊಂದು.

ವಿಮಾನಯಾನದಲ್ಲಿ ಏಕಮಾನದ ಗೊಂದಲವು ಪ್ರಾಣಾಂತಿಕವಾಗಬಲ್ಲುದು. ಉನ್ನತಿಮಾಪಕವೆಂಬುದು ಅಡಿಗಳಲ್ಲಿ ಗುರುತು ಹಾಕಿದ ವಾಯುಭಾರಮಾಪಕವೇ. ಇಳಿಯುವ ಮುನ್ನ ಆ ಸ್ಥಳದ ಸಮುದ್ರಮಟ್ಟದ ಒತ್ತಡಕ್ಕೆ ಅದನ್ನು ಹೊಂದಿಸಬೇಕು. ಅಮೆರಿಕದಲ್ಲಿ ಈ ಬೆಲೆಯನ್ನು ಪಾದರಸದ ಅಂಗುಲಗಳಲ್ಲಿಯೂ, ಭಾರತವೂ ಸೇರಿದಂತೆ ಬಹುತೇಕ ದೇಶಗಳಲ್ಲಿ ಹೆಕ್ಟೊಪ್ಯಾಸ್ಕಲುಗಳಲ್ಲಿಯೂ ತಿಳಿಸುತ್ತಾರೆ. ನಿಲ್ದಾಣದವರು 992 ಹೆಕ್ಟೊಪ್ಯಾಸ್ಕಲ್ ಎಂಬ ಅರ್ಥದಲ್ಲಿ ‘ನೈನ್ ನೈನ್ ಟೂ’ ಎಂದದ್ದನ್ನು ಅಂಗುಲಗಳಿಗೆ ಒಗ್ಗಿದ ವಿಮಾನಚಾಲಕನು 29.92 ಎಂದು ಗ್ರಹಿಸಿದರೆ, ಅವನು ಹೊಂದಿಸಿದ್ದು 1013 ಹೆಕ್ಟೊಪ್ಯಾಸ್ಕಲಾಯಿತು. 992ರ ಸರಿಯಾದ ಬೆಲೆ 29.29 ಅಂಗುಲ. ಈ 21 ಹೆಕ್ಟೊಪ್ಯಾಸ್ಕಲಿನ ವ್ಯತ್ಯಾಸದಿಂದ ವಿಮಾನವು ಮಾಪಕವು ತೋರಿಸುವುದಕ್ಕಿಂತ ಸುಮಾರು 600 ಅಡಿ ಕೆಳಗಿರುತ್ತದೆ. ಮೋಡ ಕವಿದ ಬೆಟ್ಟನಾಡಿನಲ್ಲಿ ಅಷ್ಟು ಅಡಿಗಳೇ ಜೀವ ಮರಣಗಳ ಅಂತರವಾದೀತು.

ಎರಡು ಶಾಸ್ತ್ರಗಳು ಕೂಡುವೆಡೆ

ವೈದ್ಯರಿಗೆ ವಾಯುಭಾರಮಾಪಕವೇ ಬೇಕಾಗುವ ಸಂದರ್ಭವೂ ಉಂಟು. ಶ್ವಾಸಕೋಶವು ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂಬುದನ್ನು ಅರಿಯಲು, ವಾಯುಕೋಶಗಳಲ್ಲಿ ಇರಬೇಕಾದ ಆಮ್ಲಜನಕದ ಆಂಶಿಕ ಒತ್ತಡವನ್ನು ಲೆಕ್ಕ ಹಾಕಿ, ಧಮನಿಯ ರಕ್ತದಲ್ಲಿ ಅಳೆದು ಕಂಡದ್ದರೊಡನೆ ಹೋಲಿಸುತ್ತಾರೆ. ಲೆಕ್ಕದ ಕ್ರಮವಿದು: ವಾಯುಭಾರದಿಂದ ದೇಹದ ಉಷ್ಣತೆಯಲ್ಲಿನ ನೀರಾವಿಯ ಒತ್ತಡವಾದ 47 ಮಿಲಿಮೀಟರನ್ನು ಕಳೆದು, ಉಳಿದುದನ್ನು ಆಮ್ಲಜನಕದ ಪಾಲಾದ 0.21ರಿಂದ ಗುಣಿಸಿ, ಅದರಿಂದ ಇಂಗಾಲದ ಡೈಆಕ್ಸೈಡಿನ ಒತ್ತಡವನ್ನು 0.8ರಿಂದ ಭಾಗಿಸಿ ಬಂದುದನ್ನು ಕಳೆಯಬೇಕು. ಇಂಗಾಲದ ಡೈಆಕ್ಸೈಡು 40 ಮಿಲಿಮೀಟರಿದ್ದಾಗ ಕೊನೆಯ ಪದವು 50. ಮಂಗಳೂರಿನಲ್ಲಿ 760ರಿಂದ 47 ಕಳೆದು 0.21ರಿಂದ ಗುಣಿಸಿದರೆ 150. ಅದರಲ್ಲಿ 50 ಹೋದರೆ ಉತ್ತರವು 100. ಬೆಂಗಳೂರಿನಲ್ಲಿ ವಾಯುಭಾರವು 683 ಮಿಲಿಮೀಟರಾದುದರಿಂದ ಗುಣಲಬ್ಧವು 134, ಉತ್ತರವು 84.

ಅಲ್ಲಿನ ಆರೋಗ್ಯವಂತನ ರಕ್ತದಲ್ಲಿ 78 ಮಿಲಿಮೀಟರು ಕಂಡುಬಂದರೆ, ಸಮುದ್ರಮಟ್ಟದ 760ನ್ನು ಕಣ್ಣುಮುಚ್ಚಿ ಬಳಸಿದ ಲೆಕ್ಕವು 22 ಮಿಲಿಮೀಟರಿನ ಕೊರತೆಯನ್ನು ತೋರಿಸಿ ಇಲ್ಲದ ರೋಗವನ್ನು ಸೂಚಿಸುತ್ತದೆ. ನಿಜವಾದ ಅಂತರವು 6 ಮಾತ್ರ. ಪತ್ರಿಕೆಯಲ್ಲಿಯೋ ಮೊಬೈಲಿನಲ್ಲಿಯೋ ಕಾಣುವ 1012 ಹೆಕ್ಟೊಪ್ಯಾಸ್ಕಲನ್ನು 759 ಎಂದು ಬಹು ಕರಾರುವಾಕ್ಕಾಗಿ ಪರಿವರ್ತಿಸಿ ಇಲ್ಲಿ ಬಳಸಿದರೂ ತಪ್ಪು ತಪ್ಪೇ. ಆ ಅಂಕಿಯು ನಕಾಶೆಗಾಗಿ ಸಮುದ್ರಮಟ್ಟಕ್ಕೆ ತಂದ ಬೆಲೆ. ರೋಗಿಯು ಉಸಿರಾಡುತ್ತಿರುವುದಾದರೋ 920 ಮೀಟರು ಎತ್ತರದ ಗಾಳಿಯನ್ನು. ರಕ್ತದ ಅನಿಲಗಳನ್ನು ಪರೀಕ್ಷಿಸುವ ಯಂತ್ರಗಳು ತಮ್ಮೊಳಗೇ ವಾಯುಭಾರಮಾಪಕವನ್ನು ಇರಿಸಿಕೊಂಡಿರುವುದು ಸ್ಥಳದ ಒತ್ತಡವನ್ನು ಅಲ್ಲಿಯೇ ಅರಿಯುವುದಕ್ಕಾಗಿ. ಇದೇ ಪರೀಕ್ಷೆಯ ಫಲಿತಾಂಶವನ್ನು ಬ್ರಿಟನ್ನಿನಲ್ಲಿ ಕಿಲೊಪ್ಯಾಸ್ಕಲುಗಳಲ್ಲಿಯೂ ಭಾರತ ಮತ್ತು ಅಮೆರಿಕಗಳಲ್ಲಿ ಪಾದರಸದ ಮಿಲಿಮೀಟರುಗಳಲ್ಲಿಯೂ ಬರೆಯುತ್ತಾರಾದ್ದರಿಂದ, ಇಲ್ಲಿ ಕಲಿತು ಅಲ್ಲಿಗೆ ಹೋದ ವೈದ್ಯರು ಇಂಗಾಲದ ಡೈಆಕ್ಸೈಡಿನ ಸಹಜ ವ್ಯಾಪ್ತಿಯಾದ 35ರಿಂದ 45 ಎಂಬುದನ್ನು 4.7ರಿಂದ 6.0 ಎಂದು ಹೊಸದಾಗಿ ಅಭ್ಯಾಸ ಮಾಡಿಕೊಳ್ಳಬೇಕಾಗುತ್ತದೆ.

ನಿಖರತೆ ಮತ್ತು ಇಂದಿನ ಸ್ಥಿತಿ

ಪರಿವರ್ತನೆಯು ಅಳತೆಯ ನಿಖರತೆಯನ್ನು ಹೆಚ್ಚಿಸಲಾರದು. ಬಿ.ಪಿ. ಯಂತ್ರದ ಮಾಪಕದಲ್ಲಿ ಮೂರು ಮಿಲಿಮೀಟರಿನವರೆಗೆ ಹೆಚ್ಚುಕಡಮೆಯಾಗುವುದನ್ನು ಮಾನಕಗಳೇ ಒಪ್ಪಿಕೊಂಡಿರುವಾಗ, 120 ಮಿಲಿಮೀಟರನ್ನು 15.9986 ಕಿಲೊಪ್ಯಾಸ್ಕಲೆಂದು ಬರೆಯುವುದು ಇಲ್ಲದ ಸೂಕ್ಷ್ಮತೆಯನ್ನು ಆರೋಪಿಸಿದಂತೆ, 16.0 ಎಂದರೆ ಸಾಕು. ಮಧ್ಯದ ಹಂತಗಳಲ್ಲಿ ಅಂಕಿಗಳನ್ನು ಪೂರ್ಣವಾಗಿಟ್ಟುಕೊಂಡು, ಕೊನೆಯಲ್ಲಿ ಒಂದೇ ಸಲ ಸಮೀಪಸ್ಥ ಬೆಲೆಗೆ ಇಳಿಸುವುದು ಕ್ರಮ.

ಪಾದರಸವು ನರಮಂಡಲಕ್ಕೆ ವಿಷಕಾರಿಯಾದುದರಿಂದ, ಜಪಾನಿನ ಮಿನಮಾಟದ ದುರಂತದ ಹೆಸರನ್ನು ಹೊತ್ತ 2013ರ ಅಂತರರಾಷ್ಟ್ರೀಯ ಒಪ್ಪಂದವು ಪಾದರಸದ ವಾಯುಭಾರಮಾಪಕ, ಉಷ್ಣಮಾಪಕ ಹಾಗೂ ರಕ್ತದೊತ್ತಡಮಾಪಕಗಳ ತಯಾರಿಕೆಯನ್ನು 2020ರ ಹೊತ್ತಿಗೆ ಕೈಬಿಡಬೇಕೆಂದು ವಿಧಿಸಿತು; ಭಾರತವು 2018ರಲ್ಲಿ ಇದಕ್ಕೆ ಬದ್ಧವಾಯಿತು. ವೀಕ್ಷಣಾಲಯಗಳಲ್ಲಿಯೂ ಚಿಕಿತ್ಸಾಲಯಗಳಲ್ಲಿಯೂ ವಿದ್ಯುನ್ಮಾನ ಸಂವೇದಕಗಳು ಆ ಸ್ಥಾನವನ್ನು ತುಂಬುತ್ತಿವೆ. ಆದರೂ ಏಕಮಾನವು ಉಪಕರಣದೊಡನೆ ನಿರ್ಗಮಿಸಿಲ್ಲ: ಯುರೋಪಿನ ಒಕ್ಕೂಟದ ಅಳತೆಗಳ ಶಾಸನವು ರಕ್ತ ಮತ್ತಿತರ ದೇಹದ್ರವಗಳ ಒತ್ತಡಕ್ಕೆ ಪಾದರಸದ ಮಿಲಿಮೀಟರನ್ನು ಇಂದಿಗೂ ಅನುಮತಿಸುತ್ತದೆ. ಕೋಟ್ಯಂತರ ರೋಗಿಗಳ ದಾಖಲೆಗಳೂ, ವೈದ್ಯರು ತಲೆಮಾರುಗಳಿಂದ ಗಳಿಸಿಕೊಂಡ ಅಂದಾಜೂ ಆ ಅಂಕಿಗಳಲ್ಲಿ ಅಡಗಿರುವುದರಿಂದ ಇದನ್ನು ಬರಿಯ ಹಳೆಯ ಜಾಡ್ಯವೆನ್ನಲಾಗದು. ಹಲವು ಏಕಮಾನಗಳ ಈ ವ್ಯವಸ್ಥೆಯು ಸದ್ಯಕ್ಕೆ ಉಳಿಯುವುದೇ ನಿಶ್ಚಯವಾಗಿರಲಾಗಿ, ಒತ್ತಡವನ್ನು ದಾಖಲಿಸುವವರು ಅಂಕಿ, ಏಕಮಾನ, ಸೊನ್ನೆಯ ಆಧಾರ, ಅಳೆದ ಮಟ್ಟ ಎಂಬ ನಾಲ್ಕನ್ನೂ ಒಟ್ಟಿಗೆ ಬರೆಯುವುದು ಅವಶ್ಯ. ಮೊದಲಿನ ಎರಡಿದ್ದರೆ ಯಾವ ಯಂತ್ರವೂ ಪರಿವರ್ತಿಸಿಕೊಟ್ಟೀತು. ಕೊನೆಯ ಎರಡನ್ನು ಅಳೆದವರ ಹೊರತು ಬೇರಾರೂ ತುಂಬಿಕೊಡಲಾರರು.